ಟಿಪಿ-ಲಿಂಕ್ 725ಎನ್: ಹಳೆ ಡೆಸ್ಕ್‌ಟಾಪಿಗೆ ಉಗುರಿನಷ್ಟು ವೈಫೈ

ಪೇಜ್‌ಮೇಕರ್ 7ರಲ್ಲಿ ಮಾಡಿಟ್ಟ ಲಗ್ನಪತ್ರಿಕೆಗಳು, ನುಡಿಯ ಹಳೆ ಆವೃತ್ತಿ, ಹಿಂಬದಿಯ ಎಲ್‌ಪಿಟಿ ಪೋರ್ಟಿಗೆ ಕಚ್ಚಿಕೊಂಡ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್. ಡಿಟಿಪಿ ಅಂಗಡಿಗಳಲ್ಲಿ, ಸಣ್ಣ ಲೆಕ್ಕಪತ್ರದ ಕಚೇರಿಗಳಲ್ಲಿ ಕೋರ್ 2 ಡ್ಯುಯೊ ಕಾಲದ ಡೆಸ್ಕ್‌ಟಾಪ್ ಇನ್ನೂ ಉಳಿದುಕೊಂಡಿರುವುದು ಇವುಗಳ ದೆಸೆಯಿಂದ. ಈಗ ಫೈಬರ್ ಸಂಪರ್ಕ ಬಂದು ರೌಟರ್ ಮುಂದಿನ ಕೋಣೆಗೆ ಹೋಗಿದೆ, ಕಂಪ್ಯೂಟರ್ ಇದ್ದಲ್ಲೇ ಇದೆ. ಬೆಂಗಳೂರಿನ ಎಸ್‌ಪಿ ರೋಡಿನಲ್ಲಾಗಲಿ ಊರಿನ ಕಂಪ್ಯೂಟರ್ ಅಂಗಡಿಯಲ್ಲಾಗಲಿ ‘ಹಳೆ ಸಿಸ್ಟಮ್ಮಿಗೆ ವೈಫೈ ಬೇಕು’ ಎಂದರೆ ಹೆಚ್ಚಾಗಿ ಕೈಗೆ ಬರುವುದು ಟಿಪಿ-ಲಿಂಕ್‌ನ ಟಿಎಲ್-ಡಬ್ಲ್ಯೂಎನ್725ಎನ್ ಎಂಬ ಡಾಂಗಲ್, ಅಂದರೆ ಯುಎಸ್‌ಬಿ ಪೋರ್ಟಿಗೆ ಚುಚ್ಚುವ ಪುಟ್ಟ ವೈಫೈ ಸಾಧನ. ಬೆಲೆ 500 ರೂಪಾಯಿ ಆಸುಪಾಸು, ಉದ್ದ 2 ಸೆಂಟಿಮೀಟರ್ ಕೂಡ ಇಲ್ಲ.

ತೀರ್ಪು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮದರ್‌ಬೋರ್ಡಿನ ಲ್ಯಾನ್ ಪೋರ್ಟ್ ಜೀವಂತವಾಗಿದ್ದು, ರೌಟರ್‌ನಿಂದ ಕೇಬಲ್ ಎಳೆಯಲು ದಾರಿ ಇದ್ದರೆ ಇದನ್ನು ಕೊಳ್ಳಬೇಡಿ. ದಾರಿ ಇಲ್ಲದಿದ್ದರೆ, ರೌಟರ್ ಒಂದು ಗೋಡೆಯಾಚೆಗಷ್ಟೇ ಇದ್ದರೆ, ಈ ದುಡ್ಡಿಗೆ ಮೋಸವಿಲ್ಲದ ಸಾಮಾನು. ಆದರೆ ಇದರ ಮೇಲೆ ಬರುವ ದೂರುಗಳಲ್ಲಿ ಬಹುಪಾಲು ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಎಂಬ ಬಗೆಯವು. ತಪ್ಪು ಇರುವುದು ಹಳೆ ಕಂಪ್ಯೂಟರಿನ ಹೊಟ್ಟೆಯೊಳಗೆ, ಬೈಗುಳ ತಿನ್ನುವುದು ಡಾಂಗಲ್. ಆದ್ದರಿಂದ ಈ ವಿಮರ್ಶೆಯ ಅರ್ಧದಷ್ಟು ಜಾಗ ಸೆಟ್ಟಿಂಗ್‌ಗಳಿಗೇ ಹೋಗುತ್ತದೆ.

ಪೆಟ್ಟಿಗೆಯ ಮೇಲೆ 150 ಎಂಬಿಪಿಎಸ್ ಎಂದಿದೆ. ಅದು ರೌಟರ್ 40 ಮೆಗಾಹರ್ಟ್ಸ್ ಅಗಲದ ಚಾನೆಲ್ ಕೊಟ್ಟಾಗ ಕಾಗದದ ಮೇಲೆ ಸಿಗುವ ವೇಗ. ಅಕ್ಕಪಕ್ಕದ ಮನೆಗಳ ವೈಫೈ ಗದ್ದಲ ಇರುವಲ್ಲಿ ರೌಟರ್‌ಗಳು 20 ಮೆಗಾಹರ್ಟ್ಸಿಗೆ ಇಳಿಯುತ್ತವೆ. ಆಗ ವಿಂಡೋಸ್ ತೋರಿಸುವ ಲಿಂಕ್ ವೇಗ 72, ಡೌನ್‌ಲೋಡಿನಲ್ಲಿ ನಿಜವಾಗಿ ದಕ್ಕುವುದು 40ರ ಆಸುಪಾಸು. 1 ಜಿಬಿ ಫೈಲ್ ಬರಲು ಮೂರೂವರೆ ನಿಮಿಷ ಹಿಡಿಯುತ್ತದೆ ಎಂದಿಟ್ಟುಕೊಳ್ಳಿ. ಅದೇ ಮೆಷಿನ್ನಿನ ಮಾಮೂಲಿ 100 ಎಂಬಿಪಿಎಸ್ ಲ್ಯಾನ್ ಪೋರ್ಟ್ 94ರವರೆಗೆ ಕೊಡುತ್ತದೆ, ಒಂದೂವರೆ ನಿಮಿಷದೊಳಗೆ ಮುಗಿಯುತ್ತದೆ. ಮೇಲ್ ನೋಡಲು, ಜಿಎಸ್‌ಟಿ ಪೋರ್ಟಲ್ ತೆರೆಯಲು, ಪಿಡಿಎಫ್ ಇಳಿಸಲು 40 ಧಾರಾಳ ಸಾಕು. 300 ಎಂಬಿಪಿಎಸ್ ಪ್ಲಾನ್ ಹಾಕಿಸಿಕೊಂಡು ಇದರಲ್ಲಿ ಅದನ್ನು ಹುಡುಕಿದರೆ ಸಿಗದು.

ಇನ್ನೊಂದು ಮಿತಿ ಇದಕ್ಕಿಂತ ದೊಡ್ಡದು. ಇದು 2.4 ಗಿಗಾಹರ್ಟ್ಸ್ ಮಾತ್ರ ಬಲ್ಲದು. ರೌಟರ್ ಎರಡು ಹೆಸರು ಹರಡುತ್ತಿದ್ದರೆ ಕೊನೆಯಲ್ಲಿ 5ಜಿ ಎಂದಿರುವುದು ಇದರ ಪಟ್ಟಿಯಲ್ಲಿ ಕಾಣುವುದೇ ಇಲ್ಲ. ‘ಫೋನಲ್ಲಿ ಬರ್ತದೆ, ಕಂಪ್ಯೂಟರಲ್ಲಿ ನಮ್ಮ ವೈಫೈ ಹೆಸರೇ ಇಲ್ಲ’ ಎಂಬ ದೂರಿನ ಮೂಲ ಬಹಳ ಸಲ ಇಷ್ಟೇ.

ಡ್ರೈವರ್ ಹಾಕುವಾಗ

ಕೊಳ್ಳುವಾಗ ಪೆಟ್ಟಿಗೆಯ ಸ್ಟಿಕ್ಕರಿನಲ್ಲಿ ಆವೃತ್ತಿ ಸಂಖ್ಯೆ ನೋಡಿಟ್ಟುಕೊಳ್ಳಿ. ಮೊದಲ ಆವೃತ್ತಿಯಲ್ಲಿದ್ದದ್ದು ರಿಯಲ್‌ಟೆಕ್‌ನ 8188ಸಿಯುಎಸ್ ಚಿಪ್, 2 ಮತ್ತು 3ರಲ್ಲಿರುವುದು 8188ಇಯುಎಸ್. ಹೆಸರು ಒಂದೇ, ಡ್ರೈವರ್ (ಸಾಧನವನ್ನು ವಿಂಡೋಸ್‌ಗೆ ಪರಿಚಯಿಸುವ ತಂತ್ರಾಂಶ) ಬೇರೆ. ಹಳೆ ಸ್ಟಾಕ್ ಅಥವಾ ಸೆಕೆಂಡ್ ಹ್ಯಾಂಡ್ ತೆಗೆದುಕೊಂಡವರು ಮುಗ್ಗರಿಸುವುದು ಇಲ್ಲೇ.

ವಿಂಡೋಸ್ 10 ಇದ್ದರೆ ಚುಚ್ಚಿದ ಕೂಡಲೇ ತಾನಾಗಿ ಗುರುತಿಸುತ್ತದೆ. ವಿಂಡೋಸ್ 7ರಲ್ಲಿ ಹಾಗಲ್ಲ. ಡಿವೈಸ್ ಮ್ಯಾನೇಜರ್ ತೆರೆದರೆ ‘ಅದರ್ ಡಿವೈಸಸ್’ ಕೆಳಗೆ ‘802.11ಎನ್ ಎನ್‌ಐಸಿ’ ಎಂಬ ಹೆಸರು, ಪಕ್ಕದಲ್ಲಿ ಹಳದಿ ತ್ರಿಕೋನ, ಒಳಗೆ ಕೋಡ್ 28. ಅರ್ಥ ಡ್ರೈವರ್ ಇಲ್ಲ ಎಂದಷ್ಟೇ. ಡ್ರೈವರ್ ಬೇಕೆಂದರೆ ನೆಟ್ ಬೇಕು, ನೆಟ್ ಬೇಕೆಂದರೆ ಡ್ರೈವರ್ ಬೇಕು. ಸಿಡಿ ಕೊಟ್ಟಿದ್ದರೂ ಈ ವಯಸ್ಸಿನ ಮೆಷಿನ್ನಿನ ಡಿವಿಡಿ ಡ್ರೈವ್ ಬಾಗಿಲು ತೆರೆಯುವುದೇ ಅನುಮಾನ. ಬೇರೆ ಕಂಪ್ಯೂಟರಿನಲ್ಲಿ ಟಿಪಿ-ಲಿಂಕ್ ತಾಣದಿಂದ ನಿಮ್ಮ ಆವೃತ್ತಿಯ ಡ್ರೈವರ್ ಇಳಿಸಿ ಪೆನ್‌ಡ್ರೈವಿನಲ್ಲಿ ತನ್ನಿ.

ಬೇರೆ ಕಂಪ್ಯೂಟರ್ ಇಲ್ಲದವರಿಗೆ ಆಂಡ್ರಾಯ್ಡ್ ಫೋನೇ ಸಾಕು. ಫೋನನ್ನು ವೈಫೈಗೆ ಸೇರಿಸಿ, ಯುಎಸ್‌ಬಿ ಕೇಬಲ್ ಹಾಕಿ, ಹಾಟ್‌ಸ್ಪಾಟ್ ಸೆಟ್ಟಿಂಗಿನಲ್ಲಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಫೋನ್ ತನ್ನ ವೈಫೈಯನ್ನೇ ಕಂಪ್ಯೂಟರಿಗೆ ದಾಟಿಸುತ್ತದೆ, ಮೊಬೈಲ್ ಡೇಟಾ ಖರ್ಚಾಗದು. ವಿಂಡೋಸ್ 7 ಅದನ್ನು ಗುರುತಿಸದೆ ಹಟ ಹಿಡಿದರೆ ಡಿವೈಸ್ ಮ್ಯಾನೇಜರಿನಲ್ಲಿ ಡ್ರೈವರನ್ನು ಪಟ್ಟಿಯಿಂದ ನಾವೇ ಆರಿಸುವ ಆಯ್ಕೆಗೆ ಹೋಗಿ, ನೆಟ್‌ವರ್ಕ್ ಅಡಾಪ್ಟರ್ಸ್, ಮೈಕ್ರೋಸಾಫ್ಟ್ ಕಾರ್ಪೊರೇಷನ್, ಅದರೊಳಗೆ ‘ರಿಮೋಟ್ ಎನ್‌ಡಿಐಎಸ್ ಬೇಸ್ಡ್ ಇಂಟರ್‌ನೆಟ್ ಶೇರಿಂಗ್ ಡಿವೈಸ್’ ಎಂಬುದನ್ನು ಆರಿಸಬೇಕು.

ಡ್ರೈವರ್ ಹಾಕಿದ ಮೇಲೂ ಹಳದಿ ತ್ರಿಕೋನ ಹೋಗದೆ ಕೋಡ್ 52 ಎಂದು ತೋರಿಸಿದರೆ ಡಾಂಗಲ್ ಹಿಂತಿರುಗಿಸಲು ಓಡಬೇಡಿ. ಹೊಸ ಡ್ರೈವರುಗಳ ಡಿಜಿಟಲ್ ಸಹಿ ಶಾ-2 ಮಾದರಿಯದು. ಅಪ್‌ಡೇಟ್ ಕಾಣದ ವಿಂಡೋಸ್ 7 ಆ ಸಹಿಯನ್ನು ಓದಲಾರದು. ಸರ್ವಿಸ್ ಪ್ಯಾಕ್ 1 ಇರಬೇಕು, ಅದರ ಮೇಲೆ ಮೊದಲು ಕೆಬಿ4490628, ಆಮೇಲೆ ಕೆಬಿ4474419 ಹಾಕಿ ರೀಸ್ಟಾರ್ಟ್ ಮಾಡಿದರೆ ಅದೇ ಡ್ರೈವರ್ ಸುಮ್ಮನೆ ಕೂರುತ್ತದೆ. ಎಷ್ಟೋ ಡಾಂಗಲ್‌ಗಳು ‘ಡೆಡ್’ ಎಂಬ ಹಣೆಪಟ್ಟಿ ಹೊತ್ತು ವಾಪಸ್ ಹೋಗುವುದು ಈ ಒಂದು ಅಪ್‌ಡೇಟ್ ಇಲ್ಲದ್ದಕ್ಕೆ.

ಡ್ರೈವರ್ ಸರಿಯಾಗಿ ಕೂತಿದೆ, ಆದರೂ ವೈಫೈ ಪಟ್ಟಿ ಖಾಲಿ ಎಂದಾದರೆ ಸರ್ವಿಸಸ್ ತೆರೆದು ‘ಡಬ್ಲ್ಯೂಲ್ಯಾನ್ ಆಟೋಕಾನ್ಫಿಗ್’ ಓಡುತ್ತಿದೆಯೇ ನೋಡಿ. ಸಿಸ್ಟಮ್ ಹಗುರಾಗಲಿ ಎಂದು ಯಾರೋ ಹಿಂದೆ ನಿಲ್ಲಿಸಿಟ್ಟಿರುತ್ತಾರೆ, ಡೆಸ್ಕ್‌ಟಾಪಿಗೆ ವೈಫೈ ಯಾಕೆ ಎಂಬ ಲೆಕ್ಕದಲ್ಲಿ. ಸ್ಟಾರ್ಟಪ್ ಟೈಪ್ ಆಟೋಮ್ಯಾಟಿಕ್ ಮಾಡಿ ಸ್ಟಾರ್ಟ್ ಒತ್ತಿ. ಇನ್ನು ಡ್ರೈವರಿನ ಜೊತೆ ಬರುವ ಯುಟಿಲಿಟಿ ತಂತ್ರಾಂಶ ವಿಂಡೋಸ್ 7ರಲ್ಲಿ ಬೇಕಾಗಿಲ್ಲ. 2 ಜಿಬಿ ರ‍್ಯಾಮಿನ ಮೆಷಿನ್ನಿಗೆ ಅದೊಂದು ದಂಡದ ಭಾರ.

ಚುಚ್ಚುವ ಜಾಗ, ರೌಟರಿನ ಕಡೆ

ಡಾಂಗಲ್ ಇಷ್ಟು ಚಿಕ್ಕದಾದ್ದರಿಂದ ಅದರೊಳಗಿನ ಆಂಟೆನಾ ಅಕ್ಕಿಕಾಳಿನ ಲೆಕ್ಕದ್ದು. ಅದನ್ನು ಕ್ಯಾಬಿನೆಟ್ಟಿನ ಹಿಂದೆ ಚುಚ್ಚಿ, ಕ್ಯಾಬಿನೆಟ್ಟನ್ನು ಮೇಜಿನ ಕೆಳಗೆ ಗೋಡೆಗೊತ್ತಿ ಇಟ್ಟರೆ ಮುಂದೆ ತಗಡಿನ ಪೆಟ್ಟಿಗೆ, ಹಿಂದೆ ಗೋಡೆ. ಎದುರಿನ ಪೋರ್ಟಿಗೆ ಹಾಕಿದರೆ ಸಿಗ್ನಲ್ ಚೆನ್ನ, ಆದರೆ ಆ ಪೋರ್ಟುಗಳು ಒಳಗಿನ ತೆಳು ವೈರಿನ ಮೂಲಕ ಮದರ್‌ಬೋರ್ಡಿಗೆ ಹೋಗುವಂಥವು. ಹದಿನೈದು ವರ್ಷದ ಧೂಳು, ಸಡಿಲಾದ ಪಿನ್ನುಗಳಿಂದ ಕರೆಂಟ್ ಸರಿಯಾಗಿ ಬಾರದೆ ಡಾಂಗಲ್ ಆಗಾಗ ಕಡಿದುಹೋಗುತ್ತದೆ. ಇವೆರಡಕ್ಕೂ ಮದ್ದು 1 ಮೀಟರಿನ ಯುಎಸ್‌ಬಿ ಎಕ್ಸ್‌ಟೆನ್ಷನ್ ಕೇಬಲ್. ಹಿಂದಿನ ಪೋರ್ಟಿಗೆ ಕೇಬಲ್ ಹಾಕಿ, ಡಾಂಗಲನ್ನು ಮೇಜಿನ ಮೇಲಕ್ಕೆ ತನ್ನಿ. ಪೆಟ್ಟಿಗೆಯಲ್ಲಿ ಇದು ಬರುವುದಿಲ್ಲ, ಡಾಂಗಲಿನ ಜೊತೆಗೇ ಕೊಂಡುಬಿಡಿ. ಫಲ ಕಣ್ಣಿಗೆ ಕಾಣಬೇಕಾದರೆ ಕಮಾಂಡ್ ಪ್ರಾಂಪ್ಟಿನಲ್ಲಿ ‘ನೆಟ್‌ಶ್ ಡಬ್ಲ್ಯೂಲ್ಯಾನ್ ಶೋ ಇಂಟರ್‌ಫೇಸಸ್’ (netsh wlan show interfaces) ಆದೇಶ ಕೊಡಿ. ಸಿಗ್ನಲ್ ಶೇಕಡಾ ಎಷ್ಟು, ರಿಸೀವ್ ರೇಟ್ ಎಷ್ಟು ಎಂದು ಅಲ್ಲೇ ಬರುತ್ತದೆ. ಡಾಂಗಲ್ ಸರಿಸುತ್ತಾ ಎರಡು ಮೂರು ಸಲ ನೋಡಿದರೆ ಯಾವ ಜಾಗ ಲೇಸು ಎಂದು ಗೊತ್ತಾಗುತ್ತದೆ.

ಅಲ್ಲಿ ವೇಗ 54ಕ್ಕೇ ಅಂಟಿಕೊಂಡಿದ್ದರೆ ರೌಟರಿನ ಎನ್‌ಕ್ರಿಪ್ಷನ್ (ಸಂಕೇತೀಕರಣ) ಟಿಕೆಐಪಿ ಎಂಬ ಹಳೆ ಮಾದರಿಯಲ್ಲಿದೆ ಎಂಬ ಗುಮಾನಿ ಪಡಬೇಕು. ಟಿಕೆಐಪಿ ಇದ್ದಲ್ಲಿ 802.11ಎನ್ ಎಂಬ ವೇಗದ ವೈಫೈ ವಿಧಾನ ಕೆಲಸ ಮಾಡುವುದಿಲ್ಲ. ರೌಟರಿನ 2.4 ಗಿಗಾಹರ್ಟ್ಸ್ ಪುಟದಲ್ಲಿ ಡಬ್ಲ್ಯೂಪಿಎ2 ಮತ್ತು ಎಇಎಸ್ ಇರಲಿ. ಹೊಸ ರೌಟರುಗಳಲ್ಲಿ ತೊಂದರೆ ಇದರ ಉಲ್ಟಾ: ಭದ್ರತೆಯನ್ನು ಬರೀ ಡಬ್ಲ್ಯೂಪಿಎ3ಗೆ ಇಟ್ಟರೆ ವಿಂಡೋಸ್ 7 ಒಳಗೆ ಬರಲಾರದು, ಪಾಸ್‌ವರ್ಡ್ ಎಷ್ಟೇ ಸರಿ ಇದ್ದರೂ. ಮನೆಯ ಉಳಿದ ಸಾಧನಗಳಿಗೆ ಡಬ್ಲ್ಯೂಪಿಎ3 ಬೇಕೇ ಬೇಕೆಂದರೆ ಹಳೆ ಮೆಷಿನ್ನಿಗೆಂದು ಬೇರೆ ಹೆಸರಿನ ಒಂದು 2.4 ನೆಟ್‌ವರ್ಕ್ ತೆರೆದುಕೊಡಿ. ಚಾನೆಲ್ಲನ್ನು ಆಟೋದಲ್ಲಿ ಬಿಡದೆ 1, 6 ಅಥವಾ 11ಕ್ಕೆ ನಿಲ್ಲಿಸುವುದು ಮೇಲು. ರೌಟರ್ ತಾನಾಗಿ 12 ಅಥವಾ 13ಕ್ಕೆ ಹಾರಿದ ದಿನ ಕೆಲವು ಅಡಾಪ್ಟರುಗಳಿಗೆ ಅದು ಕಣ್ಣಿಗೇ ಬೀಳುವುದಿಲ್ಲ.

ಅರ್ಧ ಗಂಟೆಗೊಮ್ಮೆ ಸಂಪರ್ಕ ತಪ್ಪುತ್ತಿದ್ದರೆ ಡಿವೈಸ್ ಮ್ಯಾನೇಜರಿನಲ್ಲಿ ಅಡಾಪ್ಟರಿನ ಪವರ್ ಮ್ಯಾನೇಜ್‌ಮೆಂಟ್ ಪುಟಕ್ಕೆ ಹೋಗಿ, ಕರೆಂಟ್ ಉಳಿಸಲು ಈ ಸಾಧನವನ್ನು ಆಫ್ ಮಾಡಬಹುದು ಎಂಬ ಟಿಕ್ ತೆಗೆಯಿರಿ. ಪವರ್ ಆಪ್ಷನ್ಸ್‌ನಲ್ಲಿ ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್ ಕೂಡ ಡಿಸೇಬಲ್ ಆಗಲಿ. ಮತ್ತೊಂದು ಕಿರಿಕಿರಿ: ಡಾಂಗಲನ್ನು ಕಿತ್ತು ಬೇರೆ ಪೋರ್ಟಿಗೆ ಹಾಕಿದರೆ ವಿಂಡೋಸ್ ಅದನ್ನು ಹೊಸ ಸಾಧನವೆಂದೇ ತಿಳಿದು ‘ವೈರ್‌ಲೆಸ್ ನೆಟ್‌ವರ್ಕ್ ಕನೆಕ್ಷನ್ 2’, ‘3’ ಎಂದು ಎಣಿಸುತ್ತಾ ಹೋಗಬಹುದು. ಕೈಯಾರೆ ಕೊಟ್ಟ ಐಪಿ ವಿಳಾಸ ಹಳೆಯದರಲ್ಲೇ ಉಳಿಯುತ್ತದೆ. ಪೋರ್ಟಿಗೊಂದು ಸುಣ್ಣದ ಬೊಟ್ಟು ಇಟ್ಟು ಸದಾ ಅಲ್ಲೇ ಹಾಕಿ.

ಕನೆಕ್ಟ್ ಆಗಿದೆ, ನೆಟ್ ಇಲ್ಲ

ಮೊದಲು ನೋಡಬೇಕಾದದ್ದು ಗಡಿಯಾರ. ಮದರ್‌ಬೋರ್ಡಿನ ಮೇಲೆ ಐದು ರೂಪಾಯಿ ನಾಣ್ಯದಂತಿರುವ ಸಿಆರ್2032 ಸೆಲ್ ಸತ್ತಿದ್ದರೆ ಪ್ರತಿ ಸಲ ಸ್ವಿಚ್ ಹಾಕಿದಾಗ ತಾರೀಕು ಬೋರ್ಡ್ ಹುಟ್ಟಿದ ವರ್ಷಕ್ಕೆ, 2009ಕ್ಕೋ 2010ಕ್ಕೋ ಓಡಿಹೋಗುತ್ತದೆ. ಇಂದಿನ ಜಾಲತಾಣದ ಸರ್ಟಿಫಿಕೇಟ್ 2009ರ ಲೆಕ್ಕದಲ್ಲಿ ಇನ್ನೂ ಹುಟ್ಟಿಯೇ ಇಲ್ಲ. ಹಾಗಾಗಿ ಬ್ರೌಸರ್ ಒಂದೊಂದು ತಾಣಕ್ಕೂ ಅಪಾಯ ಎಂದು ಕೂಗುತ್ತದೆ. ಟಾಸ್ಕ್‌ಬಾರಿನ ಬಲ ಮೂಲೆ ನೋಡದೆ ಡಾಂಗಲ್ ಬದಲಾಯಿಸಿದವರು ಬೇಕಾದಷ್ಟು ಮಂದಿ. ಸೆಲ್ 3 ವೋಲ್ಟಿನದು, ಗಡಿಯಾರದ ಅಂಗಡಿಯಲ್ಲೂ ಸಿಗುತ್ತದೆ. ಪ್ಲಗ್ ಕಿತ್ತು, ಪಕ್ಕದ ಕ್ಲಿಪ್ ಒತ್ತಿ ತೆಗೆದು, ಅಕ್ಷರ ಇರುವ ಮುಖ ಮೇಲೆ ಬರುವಂತೆ ಹೊಸದನ್ನು ಕೂರಿಸಿ.

ಗಡಿಯಾರ ಸರಿ ಇದ್ದರೆ ಎರಡನೆಯದು ವಿಳಾಸ. ಕಮಾಂಡ್ ಪ್ರಾಂಪ್ಟಿನಲ್ಲಿ ಐಪಿಕಾನ್ಫಿಗ್ (ipconfig) ಕೊಟ್ಟಾಗ 169.254 ಎಂದು ಶುರುವಾಗುವ ಸಂಖ್ಯೆ ಕಂಡರೆ ರೌಟರ್ ವಿಳಾಸ ಕೊಟ್ಟಿಲ್ಲ, ಕಂಪ್ಯೂಟರ್ ತನಗೆ ತಾನೇ ಒಂದನ್ನು ಇಟ್ಟುಕೊಂಡಿದೆ ಎಂದರ್ಥ. ಸಿಗ್ನಲ್ ತೀರಾ ಕುಗ್ಗಿದ್ದಾಗ ಹೀಗಾಗುತ್ತದೆ. ರೌಟರಿನಲ್ಲಿ ಗೊತ್ತಿರುವ ಸಾಧನಗಳನ್ನಷ್ಟೇ ಒಳಬಿಡುವ ಮ್ಯಾಕ್ ಫಿಲ್ಟರ್ ಇದ್ದಾಗಲೂ ಆಗಬಹುದು. ವಿಳಾಸ 192.168.1.2 ಎಂದಿದ್ದು ರೌಟರ್ ಜಿಯೋಫೈಬರಿನದ್ದಾದರೆ ಕಥೆ ಬೇರೆ. ಜಿಯೋ ರೌಟರಿನ ಮನೆ ವಿಳಾಸ 192.168.29.1. ಹಳೆ ಬ್ರಾಡ್‌ಬ್ಯಾಂಡ್ ಕಾಲದ ರೂಢಿಯಂತೆ ಯಾರೋ ಕೈಯಾರೆ ಬರೆದಿಟ್ಟ ಸಂಖ್ಯೆ ಅಡಾಪ್ಟರಿನಲ್ಲಿ ಕೂತಿರುತ್ತದೆ. ರನ್ ಪೆಟ್ಟಿಗೆಯಲ್ಲಿ ಎನ್‌ಸಿಪಿಎ ಡಾಟ್ ಸಿಪಿಎಲ್ (ncpa.cpl) ಕೊಟ್ಟು, ಅಡಾಪ್ಟರಿನ ಪ್ರಾಪರ್ಟೀಸ್, ಐಪಿ ಆವೃತ್ತಿ 4, ಅಲ್ಲಿ ಎರಡೂ ಕಡೆ ‘ಆಟೋಮ್ಯಾಟಿಕಲಿ’ ಎಂಬುದನ್ನು ಆರಿಸಿ. ಮದರ್‌ಬೋರ್ಡಿನ ಲ್ಯಾನ್ ಸತ್ತಿದ್ದರೆ ಅದನ್ನು ಬಯೋಸ್‌ನಲ್ಲೇ ಡಿಸೇಬಲ್ ಮಾಡುವುದು ಚೊಕ್ಕ.

ಮೂರನೆಯದೇ ಹೆಚ್ಚು ಜನರನ್ನು ಸತಾಯಿಸುವುದು. ವಿಳಾಸ ಸರಿ ಇದೆ, ಕಮಾಂಡ್ ಪ್ರಾಂಪ್ಟಿನಲ್ಲಿ 8.8.8.8ಕ್ಕೆ ಪಿಂಗ್ (ಸಂಪರ್ಕ ಪರೀಕ್ಷೆಯ ಆದೇಶ) ಹೋಗುತ್ತದೆ, ಬ್ರೌಸರ್ ಮಾತ್ರ ಏನನ್ನೂ ತೆರೆಯುವುದಿಲ್ಲ. ಇಂಟರ್‌ನೆಟ್ ಆಪ್ಷನ್ಸ್, ಕನೆಕ್ಷನ್ಸ್, ಲ್ಯಾನ್ ಸೆಟ್ಟಿಂಗ್ಸ್ ತೆರೆದು ನೋಡಿ. ಪ್ರಾಕ್ಸಿ ಸರ್ವರ್ (ನಡುವಿನ ಕಂಪ್ಯೂಟರ್ ಮೂಲಕ ನೆಟ್ ಹಾಯಿಸುವ ವ್ಯವಸ್ಥೆ) ಎಂಬಲ್ಲಿ ಟಿಕ್ ಇದ್ದು, ಮುಂದೆ ಯಾವುದೋ ಕಾಲದ ವಿಳಾಸ, 808 ಅಥವಾ 8080 ಪೋರ್ಟ್ ಇರುತ್ತದೆ. ಕಂಪ್ಯೂಟರ್ ಹಿಂದೆ ಸೈಬರ್ ಕೆಫೆಯಲ್ಲೋ ಆಫೀಸಿನಲ್ಲೋ ದುಡಿದು ಬಂದದ್ದರ ಗುರುತು ಅದು. ಹೆಸರಿಗೆ ಲ್ಯಾನ್ ಸೆಟ್ಟಿಂಗ್ಸ್ ಆದರೂ ವೈಫೈಗೂ ಇದೇ ಅನ್ವಯ, ಕ್ರೋಮ್ ಕೂಡ ಇದನ್ನೇ ಓದುತ್ತದೆ. ಟಿಕ್ ತೆಗೆಯಿರಿ. ಕನೆಕ್ಷನ್ಸ್ ಪುಟದಲ್ಲಿ ಹಳೆ ‘ಬ್ರಾಡ್‌ಬ್ಯಾಂಡ್ ಕನೆಕ್ಷನ್’ ಡಯಲರ್ ಇದ್ದರೆ ‘ನೆವರ್ ಡಯಲ್’ ಮಾಡಿ. ಪಿಂಗ್ ಸಂಖ್ಯೆಗೆ ಹೋಗಿ ಹೆಸರಿಗೆ ಹೋಗದಿದ್ದರೆ ತೊಂದರೆ ತಾಣದ ಹೆಸರನ್ನು ಸಂಖ್ಯೆಗೆ ಬದಲಿಸುವ ಡಿಎನ್‌ಎಸ್‌ನದ್ದು, 8.8.8.8 ಮತ್ತು 1.1.1.1 ಕೈಯಾರೆ ಕೊಡಿ. ಹಳೆ ಆಂಟಿವೈರಸ್ ಅರೆಬರೆ ಕಿತ್ತಿದ್ದರಿಂದ ಕೆಟ್ಟಿದ್ದರೆ ಅಡ್ಮಿನ್ ಕಮಾಂಡ್ ಪ್ರಾಂಪ್ಟಿನಲ್ಲಿ ‘ನೆಟ್‌ಶ್ ವಿನ್‌ಸಾಕ್ ರಿಸೆಟ್’ (netsh winsock reset) ಕೊಟ್ಟು ರೀಸ್ಟಾರ್ಟ್.

ಇಷ್ಟೆಲ್ಲ ಮಾಡಿದ ಮೇಲೂ ಕೆಲವು ತಾಣ ತೆರೆಯದಿದ್ದರೆ ಅದು ಬ್ರೌಸರಿನ ವಯಸ್ಸು. ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2020ರ ಜನವರಿ 14ಕ್ಕೆ ನಿಂತಿತು, ಅದರಲ್ಲಿ ಓಡುವ ಕೊನೆಯ ಕ್ರೋಮ್ 109. ಬ್ಯಾಂಕಿನ ವ್ಯವಹಾರಕ್ಕೆ ಇಂಥ ಮೆಷಿನ್ ಬಳಸುವುದು ಸಲ್ಲದು.

ಬರೀ ಫೈಲ್ ಹಂಚಿಕೆಗೆ ಬೇಕೆಂದರೆ

ಬಹಳ ಅಂಗಡಿಗಳಿಗೆ ಹಳೆ ಮೆಷಿನ್ನಿನಲ್ಲಿ ಇಂಟರ್‌ನೆಟ್ ಬೇಕಾಗಿಯೇ ಇಲ್ಲ. ಹೊಸ ಕಂಪ್ಯೂಟರಿಗೆ ಬಂದ ಫೋಟೊ, ಮ್ಯಾಟರ್ ಇದಕ್ಕೆ ದಾಟಿದರೆ ಸಾಕು. ಆಗ ಹೊರಜಗತ್ತಿನ ಬಾಗಿಲು ಮುಚ್ಚಿ ಒಳಬಾಗಿಲು ಮಾತ್ರ ತೆರೆದಿಡುವುದು ಜಾಣತನ. ಗೇಟ್‌ವೇ (ಹೊರಜಾಲಕ್ಕೆ ದಾರಿಯಾಗುವ ರೌಟರಿನ ವಿಳಾಸ) ಖಾಲಿ ಬಿಟ್ಟು 192.168.1.50, ಮಾಸ್ಕ್ 255.255.255.0 ಎಂದು ಕೈಯಾರೆ ಕೊಡಿ ಎನ್ನುವ ಸಲಹೆ ಎಲ್ಲರ ಬಾಯಲ್ಲೂ ಇದೆ. ಹಾಗೆ ಮಾಡಿದರೆ ಇಂಟರ್‌ನೆಟ್ ನಿಲ್ಲುವುದು ನಿಜ, ಆದರೆ ಜೊತೆಗೆ ಫೈಲ್ ಹಂಚಿಕೆಯೂ ನಿಂತುಹೋಗುತ್ತದೆ. ವಿಂಡೋಸ್ 7 ನೆಟ್‌ವರ್ಕಿನ ಗುರುತು ಹಿಡಿಯುವುದು ಗೇಟ್‌ವೇ ನೋಡಿ. ಅದಿಲ್ಲದಿದ್ದರೆ ‘ಅನ್‌ಐಡೆಂಟಿಫೈಡ್ ನೆಟ್‌ವರ್ಕ್’ ಎಂದು ಪಬ್ಲಿಕ್ ಪಟ್ಟಿಗೆ ತಳ್ಳಿ ಫೈರ್‌ವಾಲ್ ಎತ್ತುತ್ತದೆ. ಪ್ರೊಫೆಷನಲ್ ಆವೃತ್ತಿಯಲ್ಲಿ ಲೋಕಲ್ ಸೆಕ್ಯುರಿಟಿ ಪಾಲಿಸಿಯೊಳಗಿನ ‘ನೆಟ್‌ವರ್ಕ್ ಲಿಸ್ಟ್ ಮ್ಯಾನೇಜರ್ ಪಾಲಿಸೀಸ್’ನಲ್ಲಿ ಅದನ್ನು ಪ್ರೈವೇಟ್ ಮಾಡಬಹುದು. ಹೋಮ್ ಆವೃತ್ತಿಯಲ್ಲಿ ಆ ಕಿಟಕಿಯೇ ಇಲ್ಲ. ಅದಕ್ಕಿಂತ ಸುಲಭವಾದದ್ದು ಗೇಟ್‌ವೇ ಇದ್ದ ಹಾಗೆ ಬಿಟ್ಟು, ರೌಟರಿನ ಪೇರೆಂಟಲ್ ಕಂಟ್ರೋಲಿನಲ್ಲಿ ಈ ಡಾಂಗಲಿನ ಮ್ಯಾಕ್ ವಿಳಾಸಕ್ಕೆ (ಸಾಧನದ ಗುರುತು ಸಂಖ್ಯೆಗೆ) ಇಂಟರ್‌ನೆಟ್ ತಡೆಯುವುದು.

ವಿಂಡೋಸ್ 7ರ ಬಳಕೆದಾರನಿಗೆ ಪಾಸ್‌ವರ್ಡ್ ಇರಲೇಬೇಕು. ಪಾಸ್‌ವರ್ಡ್ ಇಲ್ಲದ ಖಾತೆಗೆ ನೆಟ್‌ವರ್ಕಿನ ಮೂಲಕ ಒಳಬರಲು ವಿಂಡೋಸ್ ಬಿಡುವುದಿಲ್ಲ, ವಿಂಡೋಸ್ 11 ಪ್ರೊನ 24ಎಚ್2 ಆವೃತ್ತಿ ಗೆಸ್ಟ್ ಆಗಿ ಹೋಗಲೂ ಒಪ್ಪದು. ವೈಫೈಯಿಂದ ವೈಫೈಗೆ ಒಂದೇ ಬ್ಯಾಂಡಿನಲ್ಲಿ ಫೈಲ್ ದಾಟಿಸಿದರೆ ಪ್ರತಿ ತುಣುಕೂ ಗಾಳಿಯಲ್ಲಿ ಎರಡು ಸಲ ಓಡಾಡಬೇಕು, ವೇಗ ಅರ್ಧಕ್ಕಿಳಿಯುತ್ತದೆ. ಹೊಸ ಕಂಪ್ಯೂಟರಾದರೂ ರೌಟರಿಗೆ ಕೇಬಲ್ಲಿನಲ್ಲಿರಲಿ.

ವಿಂಡೋಸ್ ಎಕ್ಸ್‌ಪಿ ಇಟ್ಟುಕೊಂಡವರಿಗೆ ಈ ಡಾಂಗಲ್ ಹೇಳಲಾರೆ. ಡ್ರೈವರ್ ಸಿಗುತ್ತದೆ, ಸರ್ವಿಸ್ ಪ್ಯಾಕ್ 3 ಇದ್ದರೆ ಡಬ್ಲ್ಯೂಪಿಎ2 ಕೂಡ ನಡೆಯುತ್ತದೆ. ಆದರೆ ಫೈಲ್ ಹಂಚಿಕೆಗೆ ಎಕ್ಸ್‌ಪಿ ಬಲ್ಲದ್ದು ಎಸ್‌ಎಂಬಿ1 ಎಂಬ ಹಳೆ ಪದ್ಧತಿ ಮಾತ್ರ. ವಿಂಡೋಸ್ 10ರ 1709 ಆವೃತ್ತಿಯಿಂದೀಚೆಗೆ ಹೊಸ ಇನ್‌ಸ್ಟಾಲ್‌ಗಳಲ್ಲಿ ಅದು ಇರುವುದಿಲ್ಲ, ಇಲ್ಲವೇ ಬಳಸದಿದ್ದರೆ ತಾನಾಗಿ ಕಳಚಿಕೊಳ್ಳುತ್ತದೆ. 2017ರಲ್ಲಿ ವಾನಾಕ್ರೈ ಎಂಬ ಸುಲಿಗೆ ತಂತ್ರಾಂಶ ನುಗ್ಗಿದ ಕಿಂಡಿ ಅದೇ. ಅದನ್ನು ಮತ್ತೆ ತೆರೆಯುವುದಕ್ಕಿಂತ ಪೆನ್‌ಡ್ರೈವ್ ವಾಸಿ.

ಲಿನಕ್ಸ್ ಮಿಂಟ್ 22 ಹಾಕಿದವರಿಗೆ ಕೆಲಸವೇ ಇಲ್ಲ, ಅದರ ಕರ್ನೆಲ್‌ನಲ್ಲಿರುವ ಆರ್‌ಟಿಎಲ್8ಎಕ್ಸ್ಎಕ್ಸ್ಎಕ್ಸ್‌ಯು ಡ್ರೈವರ್ 8188ಇಯು ಚಿಪ್ಪನ್ನು ತಾನೇ ಎತ್ತಿಕೊಳ್ಳುತ್ತದೆ.

ಬೇರೆ ಏನಿದೆ? ರೌಟರ್ ಎರಡು ಗೋಡೆ ಆಚೆಗಿದ್ದರೆ ಹೊರಗೆ ಆಂಟೆನಾ ಇರುವ ಟಿಎಲ್-ಡಬ್ಲ್ಯೂಎನ್722ಎನ್ ನೋಡಿ, ವೇಗ ಇಷ್ಟೇ, ಹಿಡಿತ ಹೆಚ್ಚು. 2.4ರಲ್ಲಿ ಅಕ್ಕಪಕ್ಕದ ಗದ್ದಲ ವಿಪರೀತವಾಗಿದ್ದರೆ ಎರಡೂ ಬ್ಯಾಂಡ್ ಬಲ್ಲ ಆರ್ಚರ್ ಟಿ2ಯು ನ್ಯಾನೊಗೆ ಇನ್ನಷ್ಟು ದುಡ್ಡು ಹಾಕುವುದು ಸಾರ್ಥಕ. ಮಲೆನಾಡು, ಕರಾವಳಿಯ ಕಡೆ ಟೆಲಿಫೋನ್ ತಂತಿಯ ಮೂಲಕ ಸಿಡಿಲು ಬಡಿದು ಲ್ಯಾನ್ ಪೋರ್ಟ್ ಸುಟ್ಟ ಮೆಷಿನ್‌ಗಳು ಬಹಳ. ಅಲ್ಲಿ ಕೇಬಲ್ ಎಳೆಯಲು ಸಾಧ್ಯವಿದ್ದರೆ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟಿಗೆ ಹಾಕುವ ಟಿಜಿ-3468 ಲ್ಯಾನ್ ಕಾರ್ಡ್ ಒಳ್ಳೆಯದು. ಪೆಂಟಿಯಮ್ 4 ಕಾಲದ ಬೋರ್ಡಿನಲ್ಲಿ ಬಿಳಿಯ ಉದ್ದನೆ ಪಿಸಿಐ ಸ್ಲಾಟ್ ಮಾತ್ರ ಇದ್ದರೆ ಈ ಕಾರ್ಡ್ ಕೂರುವುದಿಲ್ಲ, ಕ್ಯಾಬಿನೆಟ್ ಬಿಚ್ಚಿ ನೋಡಿಯೇ ಅಂಗಡಿಗೆ ಹೋಗಿ.

ಡ್ರೈವರಿನ ಗೊಡವೆಯೇ ಬೇಡ ಎನ್ನುವವರಿಗೆ ಇನ್ನೊಂದು ದಾರಿಯಿದೆ. ಮೂಲೆಯಲ್ಲಿ ಬಿದ್ದಿರುವ ಹಳೆ ರೌಟರಿನಲ್ಲಿ ಕ್ಲೈಂಟ್ ಮೋಡ್ ಇದ್ದರೆ ಅದೇ ವೈಫೈ ಹಿಡಿದು ಲ್ಯಾನ್ ಕೇಬಲ್ಲಿನಲ್ಲಿ ಕೊಡುತ್ತದೆ. ಇದಕ್ಕೆಂದೇ ಕೊಳ್ಳುವುದಾದರೆ ಅಂಗೈಯೊಳಗೆ ಅಡಗುವ ಟಿಎಲ್-ಡಬ್ಲ್ಯೂಆರ್802ಎನ್ ಇದೆ, 5 ವೋಲ್ಟಿನ ಮೈಕ್ರೋ ಯುಎಸ್‌ಬಿಯಲ್ಲಿ ನಡೆಯುತ್ತದೆ. ಕಂಪ್ಯೂಟರಿಗೆ ಕಾಣುವುದು ಬರೀ ಕೇಬಲ್, ಆಪರೇಟಿಂಗ್ ಸಿಸ್ಟಮ್ ಎಷ್ಟೇ ಹಳೆಯದಿರಲಿ, ವೈಫೈ ಪಾಸ್‌ವರ್ಡಿನ ಚಿಂತೆ ರೌಟರಿನದ್ದು. 725ಎನ್‌ಗಿಂತ ದುಬಾರಿ, ಮೇಜಿನ ಮೇಲೆ ಎರಡು ವೈರ್ ಹೆಚ್ಚು, ಮತ್ತು ಲ್ಯಾನ್ ಪೋರ್ಟ್ ಕೆಲಸ ಮಾಡುತ್ತಿರಬೇಕು. ಪೋರ್ಟ್ ಬದುಕಿದೆಯೇ ಎಂದು ತಿಳಿಯಲು ರೌಟರನ್ನೇ ಒಮ್ಮೆ ಕಂಪ್ಯೂಟರಿನ ಪಕ್ಕಕ್ಕೆ ತಂದು ಸರಿಯಿರುವ ಕೇಬಲ್ ಚುಚ್ಚಿ. ಹಿಂದಿನ ಚಿಕ್ಕ ದೀಪ ಹತ್ತಿದರೆ ಪೋರ್ಟ್ ಬದುಕಿದೆ.